ಒಲೆ ಆರಿಸಿದ್ದು

ಮಾರ್ಚ್ ಹದಿನಾಲ್ಕು, ಶುಕ್ರವಾರ. ಬೆಳಿಗ್ಗೆ ಮೋಡ ಕವಿದಿತ್ತು, ಮಧ್ಯಾಹ್ನ ಗಾಳಿ ಬಿದ್ದುಹೋಗಿ ಸೆಕೆ ಏರಿತು, ಮಳೆ ಬರಲಿಲ್ಲ.

ಭೌತಶಾಸ್ತ್ರದ ಮೇಡಂ ನಲವತ್ತೆರಡು ದಾಟಿದ ಮೇಲೆ ಡಾಕ್ಟರೇಟಿಗೆ ಗಂಟುಬಿದ್ದವರು, ಈಗ ನಲವತ್ತೆಂಟು. ಮಾರ್ಗದರ್ಶಕರು ಒಂದು ಕಾಲಕ್ಕೆ ಇವರ ಶಿಷ್ಯರೇ. ಹೀಗಾಗಿ ಅವರು ಇವರನ್ನು ‘ಮೇಡಂ’ ಎನ್ನುತ್ತಿದ್ದರು, ಇವರು ಅವರನ್ನು ‘ಸರ್’ ಎನ್ನುತ್ತಿದ್ದರು, ಮುಜುಗರ ಮಾತ್ರ ಇಬ್ಬರಿಗೂ ಸಮಪಾಲು. ಗಾಜಿನ ಮೇಲೆ ಬಳಿದ ಟೈಟಾನಿಯಂ ಡೈಆಕ್ಸೈಡಿನ ತೆಳುಪದರಕ್ಕೆ ಕಾವು ಕೊಟ್ಟರೆ ಏನಾಗುತ್ತದೆ ಎಂಬುದು ಸಂಶೋಧನೆಯ ವಿಷಯ. ಹಸಿ ಪದರದಲ್ಲಿ ಕಣಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ನಾನೂರೈವತ್ತು ಡಿಗ್ರಿಯಲ್ಲಿ ಬೆಂದರೆ ಸಾಲುಗಟ್ಟಿ ಹರಳಾಗುತ್ತವೆ. ಆಮೇಲೆ ಬಾಗಿಲು ಮುಚ್ಚಿದ ವಿದ್ಯುತ್ ಕುಲುಮೆಯಲ್ಲೇ ನಿಧಾನವಾಗಿ ತಣಿಯಬೇಕು.

“ಏನಮ್ಮಾ, ಇನ್ನೂ ಬೆಂದಿಲ್ವಾ ನಿನ್ನ ಗಾಜು? ಇಷ್ಟು ಹೊತ್ತಿಗೆ ಕಲ್ಲೂ ಬೇಯ್ತಿತ್ತು,” ಎಂದು ಅತ್ತೆ ವರ್ಷಗಳಿಂದ ವಿಚಾರಿಸುತ್ತಿದ್ದರು.

ಅಂದು ಕೊನೆಯ ಆರು ಗಾಜುಗಳು ಒಳಗಿದ್ದವು. ನಿಧಾನವಾಗಿ ತಣಿಸುವ ಅಧ್ಯಾಯಕ್ಕೆ ಅವೇ ಆಧಾರ. ತಿಂಗಳೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು. ಪರೀಕ್ಷೆಯ ಮೇಲ್ವಿಚಾರಣೆಗೆ ಸಿಕ್ಕಿಕೊಂಡ ಮೇಡಂ ಪ್ರಯೋಗಾಲಯದ ಅಟೆಂಡರಿಗೆ ಫೋನ್ ಮಾಡಿದರು. ಕುಲುಮೆಯನ್ನು ಅಲ್ಲಿ ಎಲ್ಲರೂ ಒಲೆ ಎಂದೇ ಕರೆಯುತ್ತಿದ್ದರು.

“ನಾಲ್ಕು ಗಂಟೆಗೆ ಒಲೆ ಆರ್ಸಿಬಿಡಿ, ಮರೀಬೇಡಿ.”

“ಆಯ್ತು ಮೇಡಂ, ನೀವು ನಿಶ್ಚಿಂತೆಯಾಗಿರಿ.”

ಮೇಡಂ ಬಂದು ನೋಡಿದರೆ ಕುಲುಮೆಯ ಬಾಗಿಲು ಹಾರುಹೊಡೆದಿತ್ತು. ಸ್ಟೂಲಿನ ಮೇಲಿಂದ ಟೇಬಲ್ ಫ್ಯಾನ್ ಅದರ ಬಾಯಿಗೆ ಗಾಳಿ ಊದುತ್ತಿತ್ತು.

“ಏನ್ರೀ ಇದು?”

“ನೀವೇ ಹೇಳಿದ್ರಲ್ಲ ಮೇಡಂ, ಆರ್ಸಿ ಅಂತ. ಬೇಗ ಆರ್ಲಿ ಅಂತ ಫ್ಯಾನೂ ಇಟ್ಟೆ.”

“ಸ್ವಿಚ್ ಆರ್ಸಿ ಅಂದೆ ಕಣ್ರೀ!”

“ಅದನ್ನೂ ಆರ್ಸಿದ್ದೀನಿ,” ಎಂದರು ಅಟೆಂಡರ್, ತುಸು ನೊಂದುಕೊಂಡು.

ನಾಲ್ಕು ಗಾಜು ಸೀಳಿದ್ದವು. ಉಳಿದೆರಡರ ಪದರದ ತುಂಬ ಕೂದಲೆಳೆಯ ಬಿರುಕು. ಮಾರ್ಗದರ್ಶಕರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದಾಗ ಅವರ ಮುಖ ಅರಳಿತ್ತು.

“ಅಧ್ಯಾಯದ ಹೆಸರು ಬದಲಾಯಿಸಿ ಮೇಡಂ. ‘ವೇಗವಾಗಿ ತಣಿಸುವುದರ ಪರಿಣಾಮ.’ ಇದನ್ನ ಇಷ್ಟು ಚೆನ್ನಾಗಿ ಯಾರು ಮಾಡಿದಾರೆ?”

“ಬೇಕಂತ ಮಾಡಿದ್ದಲ್ಲವಲ್ಲ ಸರ್.”

“‘ತಣಿಸಲಾಯಿತು’ ಅಂತ ಬರೀರಿ. ಯಾರು, ಯಾಕೆ ಅಂತ ಯಾರೂ ಕೇಳಲ್ಲ.”

ಇದೇ ಶಿಷ್ಯನ ರೆಕಾರ್ಡಿನಲ್ಲಿ ‘ಅಳೆಯಲಾಯಿತು’ ಎಂದಿದ್ದಲ್ಲೆಲ್ಲ ‘ಯಾರು ಅಳೆದದ್ದು?’ ಎಂದು ಕೆಂಪು ಶಾಯಿಯಲ್ಲಿ ಗೀಚಿದವರು ಈ ಮೇಡಂ. ಒಂದು ಗಳಿಗೆ ಪೆನ್ನು ಹಿಡಿದು ಕುಳಿತರು. ಆಮೇಲೆ, ‘ಬಾಗಿಲು ತೆರೆದು ಫ್ಯಾನಿನ ಗಾಳಿಯಲ್ಲಿ ತಣಿಸಲಾಯಿತು’ ಎಂದು ಬರೆದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

“ನನ್ನ ಹೆಸರು ಬರುತ್ತಾ ಮೇಡಂ?” ಎಂದು ಅಟೆಂಡರ್ ಇಣುಕಿದರು.

“ಕೃತಜ್ಞತೆಯಲ್ಲಿ ಬರುತ್ತೆ. ಮೊದಲ್ನೇ ಸಾಲಲ್ಲೇ.”

ಅಂದಿನ ಖರ್ಚು: ಉಳಿದೆರಡು ಗಾಜಿನ ಹರಳು ಪರೀಕ್ಷಿಸುವ ಎಕ್ಸ್-ರೇ ಶುಲ್ಕ ಎಂಟುನೂರು, ಮೂವರ ಕಾಫಿಗೆ ನಲವತ್ತೈದು, ಮನೆಗೆ ಆಟೋ, ಅರವತ್ತು.