ಭಾವ ಕಳೆದುಕೊಂಡ ಏರ್‌ಬೇಸ್

ಮೊನ್ನೆ ನಮ್ಮ ಭಾವ ಸಿಡ್ನಿಯ ರೌಸ್ ಹಿಲ್‌ನ ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಇಡೀ ಒಂದು ಸೈನ್ಯವನ್ನು ಉಪವಾಸ ಕೆಡವಿದರು.

ಅನ್ನದ ಪಾತ್ರೆ ಸ್ವದೇಶ. ಆ ತುದಿಯಲ್ಲಿದ್ದ ನನ್ನ ತಟ್ಟೆ ಯುದ್ಧಭೂಮಿ. ನಡುವಿನ ಚಟ್ನಿ ಬಟ್ಟಲು ಒಂದು ಪುಟ್ಟ ದೇಶ, ಅಲ್ಲೊಂದು ಏರ್‌ಬೇಸ್. ಸೌಟು ಅಂದರೆ ಸರಕು ವಿಮಾನ. ಅದು ಅನ್ನ ಹೊತ್ತು ಹೊರಟು, ಚಟ್ನಿಯ ಪಕ್ಕ ಇಳಿದು, ಇಂಧನ ತುಂಬಿಸಿಕೊಂಡು ನನ್ನ ತಟ್ಟೆಗೆ ಬಂತು. ಆಮೇಲೆ ಭಾವ ಎದ್ದರು. ಚಟ್ನಿ ಬಟ್ಟಲನ್ನು ಎತ್ತಿಕೊಂಡು ಹೋಗಿ ಫ್ರಿಜ್‌ನಲ್ಲಿಟ್ಟು ಬಂದರು.

“ಈಗ ಯುದ್ಧ ಮಾಡು ನೋಡೋಣ,” ಎಂದರು.

(ಆ ಚಟ್ನಿ ಮತ್ತೆ ಟೇಬಲ್ಲಿಗೆ ಬರಲಿಲ್ಲ. ಬರೀ ಸಾರಿನಲ್ಲಿ ಊಟ ಮುಗಿಸಿದೆ.)

ಭಾವ ಅಂದರೆ ನನ್ನ ಅಕ್ಕನ ಗಂಡ. ವಾಯುಸೇನೆಯ ಸರಬರಾಜು ವಿಭಾಗದಲ್ಲಿದ್ದು ರಿಟೈರ್ ಆದವರು. ವಿಮಾನ ಹಾರಿಸಿದವರಲ್ಲ, ಹಾರಿಸುವವರಿಗೆ ಟೈರಿನಿಂದ ಹಿಡಿದು ಟೀಪುಡಿಯವರೆಗೆ ತಲುಪಿಸಿದವರು. ಅಂದು ಟಿವಿಯಲ್ಲಿ, ದೊಡ್ಡ ದೇಶವೊಂದು ಪರದೇಶದಲ್ಲಿದ್ದ ತನ್ನ ಏರ್‌ಬೇಸ್ ಖಾಲಿ ಮಾಡುತ್ತಿರುವ ಸುದ್ದಿ ಬಂದಿತ್ತು. ಜಾಗ ಕೊಟ್ಟವರು ಸಾಕು, ಹೊರಡಿ ಎಂದಿದ್ದರು. ಭಾವನಿಗೆ ಇಷ್ಟು ಸಾಲದೇ?

ಬೇಸ್ ಹೋದರೆ ವಿಮಾನ ಸುತ್ತು ಹಾಕಿಕೊಂಡು ಹೋಗಬೇಕಂತೆ. ದೂರ ಹೆಚ್ಚಾದರೆ ಇಂಧನ ಹೆಚ್ಚು ಹೊರಬೇಕು. ಇಂಧನ ಹೆಚ್ಚು ಹೊತ್ತರೆ ಸರಕಿಗೆ ಜಾಗವಿಲ್ಲ. ಕೊನೆಗೆ ವಿಮಾನ ತನ್ನನ್ನೇ ತಾನು ಹೊತ್ತುಕೊಂಡು ಹೋಗಿ ಬರುತ್ತದೆ, ಅಷ್ಟೆ. ಬಾಂಬು ಬಿದ್ದ ರನ್‌ವೇಯನ್ನಾದರೂ ರಿಪೇರಿ ಮಾಡಬಹುದು. ಜಾಗ ಕೊಟ್ಟವರ ಮನಸ್ಸು ಮುರಿದರೆ?

“ಬೇಸ್ ಯಾಕೆ ಹೋಗುತ್ತೆ ಗೊತ್ತೇನಪ್ಪ? ಜಾಗ ಅವರದು ಅನ್ನೋದೇ ನಮಗೆ ಮರೆತುಹೋಗಿರುತ್ತೆ. ಗೇಟಿಗೆ ನಮ್ಮ ಬೀಗ, ಗಡಿಯಾರದಲ್ಲಿ ನಮ್ಮ ಟೈಮು. ಅವರು ಜಗಳ ಆಡಲ್ಲ. ಸ್ವಲ್ಪ ದಿನ ಬೇರೆ ಕಡೆ ಇದ್ದು ಬನ್ನಿ ಅಂತ ಮರ್ಯಾದೆಯಾಗೇ ಹೇಳ್ತಾರೆ.”

ಹೇಳಿ, ಯಾಕೋ ಸೌಟನ್ನು ಅನ್ನದ ಪಾತ್ರೆಗೆ ವಾಪಸ್ ಇಟ್ಟರು.

ಭಾವ, ಅಕ್ಕ ಇಬ್ಬರೂ ಬಂದದ್ದು ಮೆಲ್ಬರ್ನ್‌ಗೆ, ಮಗಳು ದೀಪಾಳ ಬಾಣಂತನಕ್ಕೆ. ಅಕ್ಕ ಇನ್ನೂ ಅಲ್ಲೇ ಇದ್ದಾಳೆ. ಭಾವ ಮಾತ್ರ ಹೋದ ವಾರ ಇದ್ದಕ್ಕಿದ್ದಂತೆ ನಮ್ಮ ಮನೆಗೆ ಬಂದಿಳಿದರು. ಹವಾ ಬದಲಾವಣೆಗೆ, ಎಂದರು. ಮೊದಲ ಮೊಮ್ಮಗಳನ್ನು ಬಿಟ್ಟು ಯಾರಾದರೂ ಹವಾ ಬದಲಾವಣೆಗೆ ಹೊರಡುತ್ತಾರೆಯೇ? ಭಾನುವಾರ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಬೇರೆ ಇತ್ತು. ಯಾವ ಫ್ಲೈಟ್ ಎಂದು ನನ್ನ ಹೆಂಡತಿ ಕೇಳಿದಾಗಲೆಲ್ಲ ಭಾವ ನೋಡೋಣ ಎನ್ನುತ್ತಿದ್ದರು.

ಮರುದಿನ ಅಕ್ಕ ಫೋನ್ ಮಾಡಿದಾಗ ಗುಟ್ಟು ರಟ್ಟಾಯಿತು.

ಭಾವ ಮೆಲ್ಬರ್ನ್‌ನಲ್ಲಿ ಇಳಿದ ಮರುದಿನವೇ ದೀಪಾಳ ಅಡುಗೆಮನೆಯನ್ನು ವಾಯುಸೇನೆಯ ಸ್ಟೋರ್ಸ್ ಮಾಡಿದ್ದರು. ಹಳೆಯ ಸಾಮಾನು ಮುಂದೆ, ಹೊಸದು ಹಿಂದೆ. ಸಕ್ಕರೆ ಡಬ್ಬಿ ಮೇಲಿನ ಶೆಲ್ಫಿಗೆ ಹೋಯಿತು. ಅಳಿಯ ರೋಶನ್ ಮಂಗಳೂರಿನ ಹುಡುಗ, ಸಾಧು. ಸಕ್ಕರೆ ಸಿಗದೆ ಕಹಿ ಕಾಫಿಯನ್ನೇ ಕುಡಿದ. ಆಮೇಲೆ ಮಗುವಿಗೆ ಎರೆದು ಸಾಂಬ್ರಾಣಿ ಧೂಪ ಹಾಕುವ ದಿನ ಬಂತು. ಇಲ್ಲಿನ ಮನೆಗಳಲ್ಲಿ ಹೊಗೆ ಕಂಡರೆ ಸ್ಮೋಕ್ ಅಲಾರ್ಮ್ ಸುಮ್ಮನಿರುತ್ತದೆಯೇ? ಕೂಗಿತು. ಮಗು ಕಿರುಚಿತು. ಭಾವ ಯಾರಿಗೂ ಹೇಳದೆ ಕುರ್ಚಿ ಹತ್ತಿ, ಅಲಾರ್ಮನ್ನೇ ಕಳಚಿ, ಸೌಟುಗಳ ಡ್ರಾಯರ್‌ನಲ್ಲಿಟ್ಟರು. ದಿನಾ ನೆಮ್ಮದಿಯಾಗಿ ಧೂಪ ನಡೆಯಿತು.

ಚಮಚ ಹುಡುಕುತ್ತಿದ್ದ ರೋಶನ್‌ಗೆ ಅದು ಸಿಕ್ಕಿತು. ಹೆಂಡತಿ, ಹಸುಗೂಸು ಮಲಗುವ ಮನೆ, ಅಲಾರ್ಮ್ ಡ್ರಾಯರ್‌ನಲ್ಲಿ. ಅವನು ದನಿ ಏರಿಸಲಿಲ್ಲವಂತೆ. ಮಾವ, ನೀವು ಸ್ವಲ್ಪ ದಿನ ಸಿಡ್ನಿ ನೋಡಿ ಬನ್ನಿ, ಎಂದನಂತೆ.

ಶನಿವಾರ ಬೆಳಿಗ್ಗೆ ಭಾವನನ್ನು ಕರೆದುಕೊಂಡು ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕ್‌ಗೆ ಹೋದೆ. ಬಾಣಂತಿಗೆ ಅಂಟಿನುಂಡೆ ಕಟ್ಟಿಕೊಡಲು ನನ್ನ ಹೆಂಡತಿ ಅಂಟು, ಉತ್ತುತ್ತೆ, ಒಣಕೊಬ್ಬರಿ ತರಲು ಹೇಳಿದ್ದಳು. ಭಾವ ಪ್ರತಿ ಕೊಬ್ಬರಿ ಬಟ್ಟಲನ್ನೂ ಮೂಸಿ ಆರಿಸಿದರು. ಕಾರಿಗೆ ಬಂದ ಮೇಲೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಉಂಡೆ ಆದಮೇಲೆ ಕೊರಿಯರ್ ಮಾಡಿಬಿಡು, ಎಂದರು.

ನಾನು ಕಾರ್ ಸ್ಟಾರ್ಟ್ ಮಾಡಲಿಲ್ಲ.

“ಭಾವ, ಇನ್ನೊಬ್ಬರ ದೇಶದಲ್ಲಿ ಇಳಿಯೋ ಮುಂಚೆ ನಿಮ್ಮ ಪೈಲಟ್‌ಗಳು ಏನು ಮಾಡ್ತಿದ್ರು?”

“ಕ್ಲಿಯರೆನ್ಸ್ ಕೇಳ್ತಿದ್ರು.”

“ಅವಮಾನ ಅಂದ್ಕೊಳ್ತಿದ್ರಾ?”

“ಅವಮಾನ ಎಂಥದು? ಅದು ಪದ್ಧತಿ.”

ನಾನು ಫೋನ್ ಮುಂದೆ ಹಿಡಿದೆ. ಭಾವ ಬಹಳ ಹೊತ್ತು ಎದುರಿನ ಸ್ವೀಟ್ ಅಂಗಡಿಯ ಕ್ಯೂ ನೋಡಿದರು. ಮಗಳಿಗೆ ಮಾಡಲೇ ಎಂದರು. ಅಲ್ಲ, ಕಂಟ್ರೋಲ್ ಟವರ್‌ಗೇ ಮಾಡಿ ಎಂದೆ. ಕೊನೆಗೆ ರೋಶನ್ ನಂಬರ್ ಒತ್ತಿ ಸ್ಪೀಕರ್‌ಗೆ ಹಾಕಿದರು.

“ರೋಶನ್, ನಾನಪ್ಪ. ಅಲಾರ್ಮ್ ತೆಗೆದಿದ್ದು ತಪ್ಪಾಯ್ತು. ಕೇಳಬೇಕಿತ್ತು. ಭಾನುವಾರ... ಬರಬಹುದಾ?”

ಆ ಕಡೆ ಮಗು ಅಳುವುದು ಕೇಳಿತು. ಭಾವ ಚೀಲದ ಹಿಡಿಯನ್ನು ಕೈಗೆ ಸುತ್ತಿಕೊಂಡರು.

“ಬನ್ನಿ ಮಾವ. ಕೇಳುವುದೆಂಥ, ನಿಮ್ಮದೇ ಮೊಮ್ಮಗಳಲ್ವಾ? ಆದರೆ ಅಲಾರ್ಮಿಗೆ ಕೈ ಹಾಕಬೇಡಿ. ಧೂಪ ಗ್ಯಾರೇಜಲ್ಲಿ ಹಾಕುವ, ಬಾಗಿಲು ತೆಗೆದು. ಕಾರು ಹೊರಗೆ ಇಡ್ತೇನೆ ನಾನು.”

ಅಂದು ಸಂಜೆಯೇ ಬಿಸಿ ಉಂಡೆಗಳ ಡಬ್ಬಿ ಹಿಡಿದು ಭಾವ ಹಾರಿದರು.

ನನಗಂತೂ ಅನುಮಾನವಿಲ್ಲ. ದೇಶವಾಗಲಿ ಅಳಿಯನ ಮನೆಯಾಗಲಿ, ಬಾಡಿಗೆ ಕೊಟ್ಟು ನಿಂತ ಜಾಗವಾಗಲಿ ಬಾಣಂತನಕ್ಕೆಂದು ಬಂದು ನಿಂತ ಜಾಗವಾಗಲಿ, ನಮ್ಮನ್ನು ಅಲ್ಲಿ ಉಳಿಸುವುದು ನಮ್ಮ ಉಪಕಾರವಲ್ಲ, ಅವರ ಒಪ್ಪಿಗೆ. ನಾವು ಸಹಾಯಕ್ಕೆ ತಾನೇ ಬಂದಿರುವುದು ಎನ್ನುವವರೇ ಮೊದಲು ಗೇಟಿಗೆ ಬೀಗ ಹಾಕುವುದು. ಅಲ್ಲವೇ?

ಭಾನುವಾರ ಅಕ್ಕ ಫೋಟೊ ಕಳಿಸಿದಳು. ತೆರೆದ ಗ್ಯಾರೇಜ್‌ನಲ್ಲಿ ಮಗು ಎತ್ತಿಕೊಂಡ ರೋಶನ್, ಪಕ್ಕದಲ್ಲಿ ಧೂಪಕ್ಕೆ ಬೀಸಣಿಗೆ ಹಾಕುತ್ತಿರುವ ಭಾವ. ಕೆಳಗೆ ಅವಳದೊಂದು ವಾಯ್ಸ್ ಮೆಸೇಜ್, ನಗು ತಡೆಯಲಾರದೆ: ನಿನ್ನ ಭಾವ ಬೆಳಿಗ್ಗೆ ಸಕ್ಕರೆ ಡಬ್ಬಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತು, “ದೀಪಾ, ಸಕ್ಕರೆ ಎಲ್ಲಿಡಲಮ್ಮ?” ಎಂದು ಕೇಳಿದರು.

ದೊಡ್ಡ ದೊಡ್ಡ ದೇಶಗಳ ಜನರಲ್‌ಗಳಿಗೆ ಈ ಒಂದು ಪ್ರಶ್ನೆ ಕೇಳಲು ಕಲಿಸುವವರು ಯಾರು?