ಅಕ್ಕನ ಕಾರಿಗೆ ಜೀಪಿನ ಎಂಜಿನ್

ಮುಂಡಗೋಡದಲ್ಲಿ ದನದ ಡಾಕ್ಟರಾಗಿರುವ ನನ್ನ ಅಕ್ಕನ ಬಳಿ ಹಳೆಯದೊಂದು ಸ್ಪೋರ್ಟ್ಸ್ ಕಾರಿದೆ. ಎರಡೇ ಸೀಟು, ಮಡಚಿಡುವ ಬಟ್ಟೆಯ ಟಪ್ಪು, ಕೂತರೆ ನೆಲ ಕೈಗೆ ಸಿಗುವಷ್ಟು ಗಿಡ್ಡ. ವಾರದ ಆರು ದಿನ ಅವಳು ಓಡಿಸುವುದು ಇಲಾಖೆಯ ಜೀಪು. ಭಾನುವಾರ ಮಾತ್ರ ಈ ಕಾರು. ಎಮ್ಮೆಯ ಹೆರಿಗೆಗೆಂದು ಒಂದು ಭಾನುವಾರ ಸನವಳ್ಳಿಗೆ ಇದರಲ್ಲೇ ಹೋಗಿದ್ದಳು. ಎಮ್ಮೆಯ ಸುತ್ತ ನಿಂತವರಿಗಿಂತ ಕಾರಿನ ಸುತ್ತ ನಿಂತವರೇ ಹೆಚ್ಚಿದ್ದರಂತೆ.

ಕಳೆದ ಬೇಸಿಗೆಯಲ್ಲಿ ಅದರ ಎಂಜಿನ್ ಬಿರುಕು ಬಿಟ್ಟಿತು. ಬದಲಿ ಎಂಜಿನ್ ಎಲ್ಲೂ ಸಿಗಲಿಲ್ಲ. ಭಾವ ಧೃತಿಗೆಡಲಿಲ್ಲ. ಅವರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಡೀಸೆಲ್ ಮೇಲೆ ಅವರಿಗಿರುವ ನಂಬಿಕೆ ದೊಡ್ಡದು. ನಮ್ಮ ಕಡೆ ಪೆಟ್ರೋಲ್ ಜೀಪಿನ ಎಂಜಿನ್ ಕೈಕೊಟ್ಟರೆ ಡೀಸೆಲ್ ಎಂಜಿನ್ ಕೂಡಿಸುವುದು ರೂಢಿ. ಹಳಿಯಾಳದ ಮಿಸ್ತ್ರಿಯೊಬ್ಬರು ಅದರಲ್ಲೇ ಕೈ ಪಳಗಿಸಿಕೊಂಡವರು. ಅವರು ತಿಂಗಳೊಳಗೆ ಜೀಪಿನ ಡೀಸೆಲ್ ಎಂಜಿನ್ನನ್ನು, ಅದರ ಗೇರ್‌ಬಾಕ್ಸ್ ಸಮೇತ, ಕಾರಿನ ಮೂತಿಯೊಳಗೆ ತೂರಿಸಿದರು. ಎಂಜಿನ್ ಉದ್ದವಾಗಿದ್ದರಿಂದ ಮುಂದಕ್ಕೆ ಸರಿಯಿತು, ಎತ್ತರವಾಗಿದ್ದರಿಂದ ಬಾನೆಟ್ಟಿಗೊಂದು ಡುಬ್ಬ ಬಂತು. ಭಾವನಿಗೆ ಡುಬ್ಬವೂ ಇಷ್ಟವಾಯಿತು.

ಅಕ್ಕ ಮಳಗಿಯವರೆಗೆ ಹೋಗಿ ಬಂದು ಕೀಲಿಯನ್ನು ಊಟದ ಟೇಬಲ್ಲಿನ ಮೇಲಿಟ್ಟಳು. ಸ್ಟೇರಿಂಗ್ ಕಲ್ಲಾಗಿದೆ, ತಿರುವಿನಲ್ಲಿ ಎಷ್ಟು ತಿರುಗಿಸಿದರೂ ಕಾರು ನೇರ ಕಾಡಿಗೇ ಹೊರಡುತ್ತದೆ, ಬ್ರೇಕ್ ಒತ್ತಿದರೆ ಮೂತಿ ನೆಲ ಮೂಸುತ್ತದೆ ಎಂದಳು. ಎಳೆಯುವ ಶಕ್ತಿ ಹೇಗಿದೆ ಎಂದು ಭಾವ ಕೇಳಿದರು.

"ನಾಳೆ ರೆಂಟಿ ಕಟ್ರಿ, ಗದ್ದಿ ಹೂಡಿ ತೋರಸ್ತತಿ" ಎಂದಳು.

ಗೋವಾದ ಒಬ್ಬರು ಈ ಕಾರನ್ನು ವರ್ಷಗಳಿಂದ ಕೇಳುತ್ತಿದ್ದರು. ದೀಪಾವಳಿ ಮುಗಿದ ಮೇಲಿನ ಭಾನುವಾರ ಜೋಯಿಡಾಕ್ಕೆ ಬನ್ನಿ, ಅಲ್ಲೇ ಮಾತು ಮುಗಿಸೋಣ ಎಂದು ಅಕ್ಕ ಅವರಿಗೆ ಫೋನ್ ಮಾಡಿದಳು. ಅಷ್ಟರೊಳಗೆ ಕಾರು ಮೊದಲಿನಂತೆ ತಿರುಗಿದರೆ ತನ್ನದು, ಇಲ್ಲವಾದರೆ ಅವರದು ಎಂದು ನಮಗೆ ಹೇಳಿದಳು. ಅವಳು ಹೇಳಿದ್ದನ್ನು ಮಾಡುವವಳು.

ಇಲ್ಲಿ ನಾನು ಪ್ರವೇಶಿಸಿದೆ. ದಾಂಡೇಲಿಯಿಂದ ಪತ್ರಿಕೆಗೆ ವರದಿ ಬರೆಯುವವನು ನಾನು. ಅಳತೆಯಿಲ್ಲದ ಮಾತನ್ನು ಒಪ್ಪುವುದಿಲ್ಲ. ಕಾರನ್ನು ತೂಗಿಸೋಣ ಎಂದು ಮಿಸ್ತ್ರಿಯನ್ನೂ ಕರೆಸಿದೆ. ಟಿಬೆಟನ್ ಕಾಲೊನಿಯ ದಾರಿಯಲ್ಲಿ ಗೋವಿನಜೋಳದ ಟ್ರ್ಯಾಕ್ಟರುಗಳನ್ನು ತೂಗುವ ಕಾಟಾ ಇದೆ. ಮೊದಲು ಮುಂದಿನ ಗಾಲಿಗಳನ್ನಷ್ಟೇ ಅದರ ಮೇಲೆ ನಿಲ್ಲಿಸಿದೆವು, ಆಮೇಲೆ ಹಿಂದಿನವನ್ನು. ಮೊದಲೆಲ್ಲ ಹಿಂದೆ ಮುಂದೆ ಹೆಚ್ಚುಕಡಿಮೆ ಸಮವಿದ್ದ ಕಾರಿನ ಮೂತಿ ಈಗ ವಿಪರೀತ ಭಾರವಾಗಿತ್ತು.

ಸರದಿಯಲ್ಲಿ ನಮ್ಮ ಹಿಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ಟಿಬೆಟನ್ ರೈತರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. "ಹಿಂದ ಹಗರ ಆಗೇತೇನ್ರಿ? ನನ್ ಚೀಲ ಹಾಕ್ಕೊಂಡು ಹೋಗ್ರಿ, ನಾಳೆ ಕೊಡೀರಂತ" ಎಂದರು. ಟ್ರೇಲರ್ ಹಗುರವಾದರೆ ಹಿಂದೆ ಚೀಲ ಹೇರುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ. ಡಿಕ್ಕಿಯೊಳಗೆ ಎರಡು, ಅದರ ಮೇಲೊಂದು ಚೀಲ ಕಟ್ಟಿ ಮತ್ತೆ ತೂಗಿದಾಗ ಎರಡೂ ಕಡೆ ಸಮ ಬಂತು. ಮಿಸ್ತ್ರಿ, ಭಾವ, ನಾನು ಮೂವರೂ ಕೈಕುಲುಕಿದೆವು. ನಾನು ಎರಡೂ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ನನ್ನ ಮಟ್ಟಿಗೆ ಸುದ್ದಿ ಮುಗಿದಿತ್ತು.

ಮರುದಿನ ಬೆಳಿಗ್ಗೆ ಅಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಳಗಿ ರಸ್ತೆ ಹಿಡಿದಳು. ಮೊದಲ ತಿರುವಿನಲ್ಲಿ ಕಾರು ತಿರುಗಲು ತಡಮಾಡಿತು. ಎರಡನೆಯದರಲ್ಲಿ ತಿರುಗಲು ಶುರುಮಾಡಿದ್ದು ನಿಲ್ಲಿಸಲೇ ಇಲ್ಲ. ಬಾಲ ಬೀಸಿತು, ಮರಗಳು ಒಂದು ಸುತ್ತು ಹೊಡೆದವು, ಧೂಳಿಳಿದಾಗ ನಾವು ಮುಂಡಗೋಡಕ್ಕೆ ಮುಖ ಮಾಡಿ ನಿಂತಿದ್ದೆವು. ಚೀಲವೊಂದು ಬಿಚ್ಚಿ ರಸ್ತೆ ಹಳದಿಯಾಗಿತ್ತು.

"ನಿನ್ ನೋಟ್‌ಬುಕ್ಕಿನ್ಯಾಗ ಇದನ್ನೂ ಬರಕೋ" ಎಂದಳು ಅಕ್ಕ. ಇಬ್ಬರೂ ಕಾಳು ಆರಿಸಿದೆವು.

ಅದೇ ದಿನ ಭಾವನನ್ನೂ ನನ್ನನ್ನೂ ಕರೆದುಕೊಂಡು ಹಳಿಯಾಳದ ಗ್ಯಾರೇಜಿಗೆ ಹೋಗಿ ಅವಳು ಮಿಸ್ತ್ರಿಯ ಎರಡೂ ಕೈಗೆ ತುಂಬಿದ ಆಯಿಲ್ ಡಬ್ಬಿ ಒಂದೊಂದು ಕೊಟ್ಟಳು. ಕೈ ಚಾಚಿ ಗಿರಕಿ ಹೊಡೆಯಲು ಹೇಳಿದಳು. ಮಿಸ್ತ್ರಿ ತಿರುಗಲು ತಿಣುಕಿದರು, ತಿರುಗಿದ ಮೇಲೆ ನಿಲ್ಲಲಾಗದೆ ಭಾವನಿಗೆ ಡಿಕ್ಕಿ ಹೊಡೆದರು. ಈಗ ಡಬ್ಬಿಗಳನ್ನು ಎದೆಗೆ ಅವುಚಿಕೊಂಡು ತಿರುಗಿ ಎಂದಳು. ಈ ಸಲ ಸಲೀಸಾಗಿ ತಿರುಗಿ, ಬೇಕಾದಲ್ಲಿ ನಿಂತರು. ಡಬ್ಬಿ ಅವೇ, ತೂಕ ಅದೇ, ಎರಡೂ ಸಲ ಎಡಬಲ ಸಮವೇ. ಭಾರ ನಡುವಿಗೆ ಎಷ್ಟು ಹತ್ತಿರ ಇದೆ ಎಂಬುದನ್ನು ಕಾಟಾ ಹೇಳುವುದಿಲ್ಲ. ನಾನೂ ಅದನ್ನು ಕೇಳಿರಲಿಲ್ಲ.

"ಅಕ್ಕಾರ, ಇಷ್ಟ್ ಜೀಪ್ ಮಾಡೀನಿ, ಯಾರೂ ನನ್ನ ಹಿಂಗ ತಿರುಗಿಸಿರಲಿಲ್ಲ" ಎಂದ ಮಿಸ್ತ್ರಿ ಡಬ್ಬಿ ಕೆಳಗಿಟ್ಟರು.

ಡೀಸೆಲ್ ಎಂಜಿನ್ ಹೊರಬಂತು. ಅದರ ಜಾಗಕ್ಕೆ ವ್ಯಾನೊಂದರ ಪುಟ್ಟ ಪೆಟ್ರೋಲ್ ಎಂಜಿನ್ ಬಂತು. ಮಿಸ್ತ್ರಿ ಅದನ್ನು ಕೆಳಕ್ಕೆ, ಹಿಂದಕ್ಕೆ, ಡ್ರೈವರನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂಡಿಸಿದರು. ಗೇರ್‌ಬಾಕ್ಸ್ ಚಿಕ್ಕದಾದ್ದರಿಂದ ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಹಳೆಯ ದಂಡದ ಉದ್ದ ಸಾಲದಾಯಿತು. ದಾಂಡೇಲಿಯ ಲೇಥಿನಲ್ಲಿ ಹೊಸದನ್ನು ಕಡೆಸಿ ನಾನೇ ಬಸ್ಸಿನಲ್ಲಿ ಒಯ್ದು ಕೊಟ್ಟೆ. ಗದ್ದೆಯ ಪಂಪಿನಲ್ಲಿ ಇದಕ್ಕಿಂತ ದಮ್ಮಿದೆ ಎಂದು ಭಾವ ದೀಪಾವಳಿಯುದ್ದಕ್ಕೂ ಹೇಳಿದರು.

ಎಂಜಿನ್ ಮೊದಲ ಸಲ ಸದ್ದು ಮಾಡಿದ್ದು ಶನಿವಾರ ಸಂಜೆ. ಭಾನುವಾರ ಅಕ್ಕ, ನಾನು ದಾಂಡೇಲಿ ದಾಟಿ ಜೋಯಿಡಾ ರಸ್ತೆಗೆ ಬಿದ್ದೆವು. ಮಾರಬೇಕಾದರೆ ಇರಲಿ ಎಂದು ತಂದ ಕಾರಿನ ಕಾಗದಪತ್ರಗಳ ಚೀಲ ನನ್ನ ತೊಡೆಯ ಮೇಲಿತ್ತು. ಏರಿನಲ್ಲಿ ಹಾಲಿನ ಗಾಡಿಯೊಂದು ಹಾರ್ನ್ ಬಾರಿಸಿ ನಮ್ಮನ್ನು ಹಿಂದೆ ಹಾಕಿತು. ಅಕ್ಕ ಗೇರ್ ಇಳಿಸಿದಳು. ಇಳಿಜಾರಿನ ತಿರುವುಗಳು ಬಂದವು. ಅವಳ ಕೈ ಸ್ಟೇರಿಂಗಿನ ಮೇಲೆ ಸ್ವಲ್ಪವೇ ಅಲ್ಲಾಡುತ್ತಿತ್ತು. ಕಾರು ಅಷ್ಟೇ ತಿರುಗುತ್ತಿತ್ತು, ಆಮೇಲೆ ತಿರುಗುವುದನ್ನು ನಿಲ್ಲಿಸುತ್ತಿತ್ತು. ನಾಲ್ಕನೆಯ ತಿರುವಿನ ಹೊತ್ತಿಗೆ ನಾನು ಬಾಗಿಲ ಹಿಡಿಕೆ ಬಿಟ್ಟಿದ್ದೆ.

ಜೋಯಿಡಾದ ಚಹಾದಂಗಡಿಯ ಮುಂದೆ ಗೋವಾದವರು ಕಾದಿದ್ದರು. ಕಾರಿನ ಸುತ್ತ ಎರಡು ಸಲ ನಡೆದರು, ಬಾನೆಟ್ ಎತ್ತಿಸಿದರು, ಒಳಗಿದ್ದ ಪುಟ್ಟ ಎಂಜಿನ್ ನೋಡಿ ಅವರ ಮುಖ ಇಳಿಯಿತು. ಇದು ಏರು ಹತ್ತುತ್ತದೆಯೇ ಎಂದು ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದರು.

"ಹತ್ತಂಗಿಲ್ರಿ, ತೆವಳತೈತಿ. ಅದಕ್ಕ ನಿಮಗ ಕೊಡಂಗಿಲ್ಲ, ನಾನ ಇಟ್ಕೊಂತೀನಿ. ಇಷ್ಟ್ ದೂರ ಬರೋ ಹಂಗ ಮಾಡಿದ್ನಿ, ಚಹಾ ಕುಡದ ಹೋಗ್ರಿ" ಎಂದಳು ಅಕ್ಕ.

ಅವರು ಚಹಾ ಕುಡಿದರು, ಒಂದು ಸುತ್ತು ಓಡಿಸಲು ಕೇಳಿದರು. ಅಕ್ಕ ಕೀಲಿ ಕೊಟ್ಟಳು. ಐದು ನಿಮಿಷದ ಸುತ್ತಿಗೆ ಹೋದವರು ಅರ್ಧ ತಾಸಾದರೂ ಬರಲಿಲ್ಲ. ನಾವು ಬಂದ ತಿರುವುಗಳ ಕಡೆಯಿಂದ ಕಾರಿನ ಸದ್ದು ಮಾತ್ರ ಒಮ್ಮೆ ಇಳಿಯುತ್ತ, ಒಮ್ಮೆ ತೆವಳಿ ಏರುತ್ತ, ಮತ್ತೆ ಇಳಿಯುತ್ತ ಕೇಳುತ್ತಲೇ ಇತ್ತು.