ಗಾಲಿ ಎಷ್ಟೊತ್ತಿಗೆ ಇಳಿಯಬೇಕು

ಕೊಟ್ಟ ಮಾತು ತಪ್ಪದೆಯೇ ಜನರನ್ನು ಕಾಯಿಸುವ ವಿದ್ಯೆಯಲ್ಲಿ ಸುರಪುರದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕೊಡೇಕಲ್‌ನ ಗೆಳೆಯನಿಗೆ ಊಟಕ್ಕೆ ಬರ್ತೀನಿ ಅಂದು, ಮೂರನೇ ದಿನ ಹೋಗಿ ಕೈ ತೊಳೆದು ಕೂತವನು ನಾನು. ಅವನು ಬೈದಾಗ, "ಬಂದೀನಿಲ್ಲೋ? ಅವತ್ತೇ ಬರ್ತೀನಂತ ಯಾವಾಗ ಹೇಳೀನಿ?" ಅಂದಿದ್ದೆ. ಅವನ ಹೆಂಡತಿ ನಗುತ್ತಲೇ ಮತ್ತೆ ರೊಟ್ಟಿ ಬಡಿದಳು.

ನನ್ನ ಹೊಟ್ಟೆಪಾಡು ಮಾತ್ರ ತದ್ವಿರುದ್ಧ. ವಿಮಾನದ ಸಾಫ್ಟ್‌ವೇರ್ ಹೇಗೆ ನಡೆದುಕೊಳ್ಳಬೇಕೆಂಬ ನಿಯಮಗಳನ್ನು ಬರೆಯುತ್ತೇನೆ. ಅದು ಎಂಥ ಸ್ಥಿತಿಯಲ್ಲೂ ಆ ನಿಯಮ ಮೀರುವುದಿಲ್ಲವೆಂದು ಶಹಾಪುರದಲ್ಲಿರುವ ನನ್ನ ಅಕ್ಕನ ಮಗಳು ಗಣಿತದಿಂದ ರುಜುವಾತು ಮಾಡುತ್ತಾಳೆ. ಅದನ್ನೂ ನೋಡಿಯೇ ಸರ್ಕಾರದವರು ವಿಮಾನಕ್ಕೆ ಹಾರಾಟದ ಪ್ರಮಾಣಪತ್ರ ಕೊಡುವುದು.

ಕಳೆದ ವರ್ಷ, ವಿಮಾನ ನೆಲ ಮುಟ್ಟುವ ಮೊದಲು ಹೊಟ್ಟೆಯಿಂದ ಕೆಳಗಿಳಿಯುವ ಗಾಲಿಯ ಸರದಿ. 'ಪೈಲಟ್ ಹಿಡಿಕೆ ಕೆಳಗೆ ಎಳೆದರೆ ಗಾಲಿ ಇಳಿಯಲೇಬೇಕು' ಎಂದು ಬರೆದಿದ್ದೆ. ಅವಳ ರುಜುವಾತು ಮುಗಿದಿತ್ತು, ನನ್ನ ಸಹಿಯೊಂದು ಬಾಕಿ. ಅವಳನ್ನು ಸ್ವಲ್ಪ ಕಾಡೋಣವೆಂದು ಸಾಫ್ಟ್‌ವೇರ್‌ನ ಒಂದು ನಕಲಿನಲ್ಲಿ ಕಳ್ಳಸಾಲು ಸೇರಿಸಿದೆ: ಹಿಡಿಕೆ ಎಳೆದ ಮೇಲೆ ಗಾಲಿ ಒಂದು ತಾಸು ಸುಮ್ಮನಿರಬೇಕು. ಆ ನಕಲಿನ ಮೇಲೆ ಅವಳ ರುಜುವಾತನ್ನು ಮತ್ತೆ ಓಡಿಸಿದೆ; ನಿಯಮ ಮುರಿದಿದೆಯೆಂದು ಕಂಪ್ಯೂಟರ್ ಕೆಂಪು ತೋರಿಸಿದರೆ ಅದನ್ನೇ ಕಳಿಸಿ ಗಾಬರಿಪಡಿಸುವುದು ನನ್ನ ಲೆಕ್ಕ. ಅದು ಎಲ್ಲ ಸರಿಯಿದೆಯೆಂದು ಹಸಿರು ತೋರಿಸಿತು.

ಅವಳ ತಪ್ಪೇ ಸಿಕ್ಕಿತೆಂದು ಖುಷಿಯಿಂದ ಫೋನ್ ಮಾಡಿದೆ. "ಏನವಾ, ಗಾಲಿ ಒಂದ್ ತಾಸ್ ತಡಾ ಮಾಡಿದ್ರೂ ನಿನ್ನ ರುಜುವಾತು ಹೂಂ ಅಂತದಲ್ಲ? ಯಾವ ಸಾಲ್ಯಾಗ ಕಲ್ತಿ?"

"ನಿಮ್ಮ ಕೈಯಾಗೇ ಕಲ್ತೀನ್ರಿ ಮಾಮಾ." ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. "ಅದಿರ್ಲಿ, ಮನಿಗಿ ಬರ್ತೀನಂದಿದ್ರಲ್ಲ, ವಾರಾತು."

"ಬರ್ತೀನವಾ. ಯಾವತ್ತಂತ ಹೇಳಿದ್ನೇನು?"

"ಇಲ್ರಿ. ಗಾಲೀಗೂ ಹಂಗೇ ಬರದೀರಿ. ಇಳೀಬೇಕಂತ ಬರದೀರಿ, ಎಷ್ಟೊತ್ತಿನಾಗಂತ ಬರದಿಲ್ಲ. ತಾಸ್ ಬಿಟ್ಟು ಇಳದ್ರೂ ನಿಮ್ಮ ಮಾತು ಉಳೀತದ."

ನಾನು ಬರೆದ ನಿಯಮವನ್ನು ಮತ್ತೆ ತೆಗೆದು ಓದಿದೆ. ನಿಜವಾದ ಸಾಫ್ಟ್‌ವೇರ್ ತಡ ಮಾಡುತ್ತಿರಲಿಲ್ಲ, ಸರಿ. ಆದರೆ ನಾಳೆ ಯಾರೋ ಕೈಯಾಡಿಸಿ ತಡವಾದರೆ ನನ್ನ ನಿಯಮ ಅದನ್ನು ಸುಮ್ಮನೆ ದಾಟಿಸಿಬಿಡುತ್ತಿತ್ತು. ಗೆಳೆಯನ ಮನೆಯಲ್ಲಿ ಆರಿದ್ದು ರೊಟ್ಟಿ. ವಿಮಾನದಲ್ಲಿ ಜನ ಕೂತಿರುತ್ತಾರೆ. ರುಜುವಾತು ನಾನು ಬರೆದದ್ದನ್ನಷ್ಟೇ ಪರೀಕ್ಷಿಸಿತ್ತು. ಮನಸ್ಸಿನಲ್ಲಿಟ್ಟುಕೊಂಡದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಸಹಿ ಹಾಕಲಿಲ್ಲ. "ನಾ ಬರ್ತೀನಿ, ಕೂಡಿ ತಿದ್ದೋಣು," ಅಂದೆ.

"ಎಷ್ಟೊತ್ತಿಗಿ?"

"ನಾಳೆ ಹನ್ನೊಂದಕ್ಕ."

ಹತ್ತು ನಿಮಿಷ ಮೊದಲೇ ಶಹಾಪುರದ ಅವಳ ಮನೆ ಮುಟ್ಟಿದೆ. ನನ್ನನ್ನು ನಂಬದೆ ಅವಳು ಚಹಾಕ್ಕೆ ಇಟ್ಟೇ ಇರಲಿಲ್ಲ. ಅದಕ್ಕೆ ಅವಳನ್ನು ಆಡಿಕೊಳ್ಳುತ್ತಲೇ, ಗಾಲಿಯ ನಿಯಮಕ್ಕೆ ಎಷ್ಟು ಸೆಕೆಂಡಿನೊಳಗೆ ಇಳಿಯಬೇಕೆಂಬುದನ್ನು ಸೇರಿಸಿದೆ.